ಬಟ್ಲರ್ ಖಾದರ್ ಸಾಬರ ಏಳು ಚೀಟಿ

ಇಂಗ್ಲಿಷನ್ನು ಎದ್ದು ನಿಂತೇ ಓದಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಕೂಲಿನಲ್ಲಿ ಕನ್ನಡ ಪಾಠವನ್ನು ಕೂತು ಓದುತ್ತಿದ್ದೆವು, ಲೆಕ್ಕವನ್ನು ಕೂತು ಮಾಡುತ್ತಿದ್ದೆವು. ಇಂಗ್ಲಿಷ್ ರೀಡರ್ ತೆರೆದ ಕೂಡಲೇ ಮಾತ್ರ ಮೇಷ್ಟ್ರು ‘ಸ್ಟ್ಯಾಂಡಪ್’ ಎನ್ನುತ್ತಿದ್ದರು. ನಾಲ್ಕು ವರ್ಷ ಇದೇ ನಡೆದ ಮೇಲೆ, ಪೂಜೆಗೆ ಮಡಿ ಇರುವ ಹಾಗೆ ಇಂಗ್ಲಿಷಿಗೆ ನಿಲ್ಲುವುದು ಒಂದು ಕಟ್ಟಳೆ ಎಂದು ನನ್ನ ತಲೆಯೊಳಗೆ ಸೇರಿಬಿಟ್ಟಿತು. ಮೂಡಿಗೆರೆಯಿಂದ ನಾಲ್ಕು ಮೈಲಿ ದೂರದ ಕಾಫಿ ಎಸ್ಟೇಟಿನಲ್ಲಿ ಅಸಿಸ್ಟೆಂಟ್ ರೈಟರಾಗಿ, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತನಾಗಿ ಸೇರಿದ ಮೇಲೂ ಇದೇ ಪದ್ಧತಿ ನಡೆಯಿತು. ಬಂಗಲೆಯಿಂದ ಎಸ್ಟೇಟಿನ ಮಾಲೀಕರಾದ ಇಂಗ್ಲಿಷ್ ದೊರೆಯ ಕಾಗದ ಬಂತೆಂದರೆ ಪೆನ್ನು ಕೆಳಗಿಟ್ಟು, ಕುರ್ಚಿ ಹಿಂದಕ್ಕೆ ತಳ್ಳಿ, ನೆಟ್ಟಗೆ ನಿಂತು ಓದುತ್ತಿದ್ದೆ. ಒಂದು ದಿನ ದೊರೆ ಇದನ್ನು ಕಿಟಕಿಯಿಂದ ನೋಡಿದರು. ತಮ್ಮ ಅಕ್ಷರಕ್ಕೆ ಈ ಹುಡುಗ ಇಷ್ಟು ಗೌರವ ಕೊಡುತ್ತಾನಲ್ಲ ಎಂದು ಮೆಚ್ಚಿ, ತಮ್ಮ ಹಳೆಯ ಮಳೆಕೋಟನ್ನು ನನಗೆ ಕಳಿಸಿಕೊಟ್ಟರು. ಕೋಟು ನನ್ನ ಪಾದದವರೆಗೂ ಬರುತ್ತಿತ್ತು.

ಆ ಕೋಟನ್ನು ತಂದುಕೊಟ್ಟವರೇ ಬಂಗಲೆಯ ಬಟ್ಲರ್ ಖಾದರ್ ಸಾಬರು. ಮಾರನೆಯ ವಾರ ಅವರು ಮತ್ತೊಂದು ಕಾಗದ ತಂದರು. ನಾನು ಎದ್ದು ನಿಂತೆ. ಅವರು ಬಗ್ಗಿ ನನ್ನ ಕುರ್ಚಿಯನ್ನು ನೋಡಿದರು.

"ರೈಟ್ರೇ, ಮೊಳೆ ಗಿಳೆ ಎದ್ದಿದೆಯಾ?"

"ಇಲ್ಲ ಸಾಬ್ರೇ. ಇಂಗ್ಲಿಷ್ ಅಲ್ವಾ, ನಿಂತೇ ಓದ್ಬೇಕು."

ಅವರು ನಗಲಿಲ್ಲ. ಹೇಳಿದರು: "ನಂಗೆ ಓದೋಕೆ ಬರಲ್ಲ, ಹಂಗಾಗಿ ಸರಿಯಾಗಿ ಗೊತ್ತಿಲ್ಲ. ಆದ್ರೆ ನಲ್ವತ್ತು ವರ್ಷದಿಂದ ಓದೋರನ್ನ ನೋಡ್ತಾ ಇದೀನಿ. ಜಾಸ್ತಿ ದೊರೆಗಳು ಮಲಗಿಕೊಂಡೇ ಓದ್ತಾರೆ. ಒಬ್ರು ಸ್ನಾನದ ತೊಟ್ಟೀಲಿ ಕೂತು ಓದ್ತಿದ್ರು. ಪುಸ್ತಕ ಒದ್ದೆ ಆಗ್ಬಾರ್ದು ಅಂತ ನಾನು ಟವೆಲ್ ಹಿಡ್ಕೊಂಡು ನಿಂತಿರ್ತಿದ್ದೆ. ಇಂಗ್ಲಿಷಿಗೆ ಯಾರಾದ್ರೂ ನಿಂತದ್ದು ಅಂದ್ರೆ ಅದು ನಾನೇ."

ನಾನು ಕೂತೆ. ಈ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ನಾನೇ ಈಗ ಹೇಳುತ್ತಿದ್ದೇನೆ.

ಖಾದರ್ ಸಾಬರಿಗೆ ಆಗ ಐವತ್ತಾರು. ಗಿಡ್ಡ ಆಳು, ಬಿಳಿಯ ಕೋಟು, ಅದಕ್ಕೆ ಬೂದಿ ಹಾಕಿ ಉಜ್ಜಿದ ಹಿತ್ತಾಳೆ ಗುಂಡಿಗಳು. ಹುಟ್ಟಿದ್ದು ಜಾವಳಿಯಲ್ಲಿ. ತಂದೆ ಎತ್ತಿನ ಮೇಲೆ ಮೆಣಸು ಹೇರಿಕೊಂಡು ಘಾಟಿ ಇಳಿಯುತ್ತಿದ್ದವರು. ಮಗ ಹದಿನಾರಕ್ಕೆ ಒಂದು ಬಂಗಲೆಯ ಅಡಿಗೆಮನೆ ಸೇರಿದವರು, ಆಮೇಲೆ ಒಂದರಿಂದ ಇನ್ನೊಂದು ಬಂಗಲೆಗೆ ನಡೆದು ಏಳು ದೊರೆಗಳ ಊಟ ನೋಡಿಕೊಂಡಿದ್ದರು. ಅವರ ಇಂಗ್ಲಿಷ್ ನನ್ನದಕ್ಕಿಂತ ಬಹಳ ವೇಗದ್ದು. ಕ್ರಿಯಾಪದದ ಭಾರವೇ ಇಲ್ಲದೆ ಅದು ಓಡುತ್ತಿತ್ತು. ನಾನು ಒಂದು ವಾಕ್ಯಕ್ಕೆ ಸರಿಯಾದ ಕಾಲ ಹುಡುಕುವಷ್ಟರಲ್ಲಿ ಅವರು ದೊರೆಗೆ ರಾತ್ರಿಯ ಊಟವೇನು, ನಾಯಿ ಯಾಕೆ ಕುಂಟುತ್ತಿದೆ, ಮಳೆ ಯಾವಾಗ ನಿಲ್ಲುತ್ತದೆ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದರು. ಆದರೆ ಓದು ಮಾತ್ರ ಸೊನ್ನೆ. ಸಾಸಿವೆ ಪುಡಿಯ ಡಬ್ಬಿಯನ್ನು ಅದರ ಮೇಲಿನ ಚಿತ್ರದಿಂದ ಗುರುತಿಸುತ್ತಿದ್ದರು. ವಿಸ್ಕಿಯನ್ನು ಬಾಟಲಿಗೆ ಅಂಟಿಸಿದ ಚೀಟಿಯ ಆಕಾರದಿಂದ.

ನಾನು ಸೇರಿದ ನಾಲ್ಕನೆಯ ವರ್ಷ ನಮ್ಮ ದೊರೆ ಎಸ್ಟೇಟನ್ನು ಚಿಕ್ಕಮಗಳೂರಿನ ಸೋಮಶೇಖರಪ್ಪನವರಿಗೆ ಮಾರಿ ಸೀಮೆಗೆ, ಅಂದರೆ ಇಂಗ್ಲೆಂಡಿಗೆ ಹೊರಟರು. ಹೆಡ್ ರೈಟರ್ ನಿಂಗಯ್ಯನವರು ನಮ್ಮನ್ನೆಲ್ಲ ಕರೆದು ಹೊಸ ಯಜಮಾನರ ಅಪ್ಪಣೆ ಓದಿದರು. ಆಫೀಸಿನವರು, ಮೇಸ್ತ್ರಿಗಳು, ಆಳುಗಳು ಹಾಗೇ ಮುಂದುವರಿಯಬಹುದು. ಬಂಗಲೆಯವರು ಮಾತ್ರ ಮೂರು ವಾರದ ನಂತರ ತಮ್ಮ ಕ್ಯಾರೆಕ್ಟರ್ ಚೀಟಿಗಳೊಂದಿಗೆ ಹಾಜರಾಗಬೇಕು. ಚೀಟಿ ಸರಿಯಿದ್ದರೆ ಕೆಲಸ. ಇಲ್ಲವಾದರೆ ಹೊಸ ಸಾವ್ಕಾರ್ರು ಚಿಕ್ಕಮಗಳೂರಿನಿಂದಲೇ ಒಬ್ಬನನ್ನು ಕರೆತರುತ್ತಾರೆ.

ಕ್ಯಾರೆಕ್ಟರ್ ಚೀಟಿ ಎಂದರೆ, ದೊರೆಯಾದವನು ಊರು ಬಿಡುವಾಗ ತನ್ನ ಬಟ್ಲರನಿಗೆ ಬರೆದುಕೊಡುವ ನಾಲ್ಕು ಸಾಲು. ಇವನು ಇಂಥವನು, ಇಷ್ಟು ವರ್ಷ ಇದ್ದ, ಇಂಥದ್ದು ಚೆನ್ನಾಗಿ ಮಾಡುತ್ತಾನೆ. ಬಟ್ಲರುಗಳ ಆಸ್ತಿ ಅದೇ. ಸೋಜಿಗವೆಂದರೆ ಅದನ್ನು ಜನ್ಮವಿಡೀ ಕಾಪಾಡುವವನಿಗೆ ಅದರಲ್ಲಿ ಏನಿದೆ ಎಂದು ಓದಲು ಬರುತ್ತಿರಲಿಲ್ಲ.

ಮಾರನೆಯ ದಿನವೇ ಖಾದರ್ ಸಾಬರು ದುಂಡನೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಒಳಗೆ ಮೇಣದ ಬಟ್ಟೆ, ಅದರೊಳಗೆ ಏಳು ಚೀಟಿ. ಅವರು ಅವುಗಳನ್ನು ಮುಟ್ಟಿ, ಮೂಸಿ ಗುರುತಿಸುತ್ತಿದ್ದರು. ಐದನೆಯದನ್ನು ತೆಗೆದು ನನ್ನ ಮುಂದೆ ಸರಿಸಿದರು.

"ಇದು ಸಂಸೆ ಎಸ್ಟೇಟಲ್ಲಿ ಇದ್ದ ದೊರೆ ಕೊಟ್ಟದ್ದು. ಇದನ್ನ ಓದೋವಾಗ ಎಲ್ರೂ ನಗ್ತಾರೆ ರೈಟ್ರೇ. ಬಾಕಿದು ಓದೋವಾಗ ತಲೆ ಆಡಿಸ್ತಾರೆ. ಇದಕ್ಕೆ ನಗು. ಇದಾದ್ಮೇಲೆ ಎರಡು ಬಂಗ್ಲೆಯವರು ನಗ್ತಾ ನಗ್ತಾನೇ ನನ್ನ ವಾಪಸ್ ಕಳಿಸಿದ್ರು. ಇನ್ನೊಬ್ರು, ನಲ್ವತ್ತೈದು ವರ್ಷದವನನ್ನ, ತಟ್ಟೆ ತೊಳಿಯೋಕೆ ಇಟ್ಕೊಂಡ್ರು. ಇದರಲ್ಲಿ ಎಂತ ಇದೆ ಅಂತ ನಂಗೆ ಗೊತ್ತಾಗ್ಬೇಕು. ಈ ಕೆಲಸ ತಪ್ಪಿದ್ರೆ ಬಂಗ್ಲೆ ಹಿಂದಿನ ಮನೇನೂ ಬಿಡ್ಬೇಕು. ಅಳಿಯನ ಮನೆ ಜಗ್ಲೀಲಿ ಬೀಡಿ ಕಟ್ತಾ ಕೂರು ಅಂತ ನಮ್ಮ ಮನೆಯೋಳು ಈಗ್ಲೇ ಶುರು ಮಾಡಿದಾಳೆ."

ನಾನು ಓದಿದೆ. ನಾಲ್ಕೇ ವಾಕ್ಯ. ಒಂದೊಂದು ಪದವೂ ಅರ್ಥವಾಯಿತು, ವಾಕ್ಯ ಒಂದೂ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಲು ಇಪ್ಪತ್ತೆರಡು ವರ್ಷದವನಿಗೆ ನಾಲಿಗೆ ಏಳುವುದಿಲ್ಲ.

"ಒಳ್ಳೇದೇ ಬರ್ದಿದಾರೆ ಸಾಬ್ರೇ."

ಅವರು ನನ್ನ ಮುಖವನ್ನೇ ನೋಡಿದರು. "ಒಳ್ಳೇದಾದ್ರೆ ನೀವ್ಯಾಕೆ ನಗ್ಲಿಲ್ಲ?"

ಆ ದಿನಗಳಲ್ಲಿ ನಾನು ಎಸ್.ಎಸ್.ಎಲ್.ಸಿ.ಯನ್ನು ಪ್ರೈವೇಟಾಗಿ ಕಟ್ಟಿದ್ದೆ. ಇಂಗ್ಲಿಷಿನಲ್ಲಿ ಅದಾಗಲೇ ಎರಡು ಸಲ ಬಿದ್ದಿದ್ದೆ. ಭಾನುವಾರ ಭಾನುವಾರ ಮೂಡಿಗೆರೆಯಲ್ಲಿ ಶಾಂತವೀರಪ್ಪ ಮೇಷ್ಟ್ರ ಮನೆಯ ಜಗಲಿಯಲ್ಲಿ ನಮ್ಮಂಥ ಬಿದ್ದವರಿಗೆ ಪಾಠ. ರಿಟೈರಾದ ಮೇಷ್ಟ್ರು, ಫೀಸು ಕೇಳುತ್ತಿರಲಿಲ್ಲ, ಬೈಗುಳದಲ್ಲಿ ವಸೂಲು ಮಾಡಿಕೊಳ್ಳುತ್ತಿದ್ದರು. ನನ್ನ ಜೊತೆಗೆ ಕಾಯಂ ಆಗಿ ಬರುತ್ತಿದ್ದವನು ಅಬ್ದುಲ್ಲಾ. ಪೇಟೆಯಲ್ಲಿ ಬಸ್ಸು ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಅವನಿಗೆ ಪರೀಕ್ಷೆ ಬೇಡ, ಎಂಜಿನ್ ಜೊತೆಗೆ ಬರುವ ಪುಸ್ತಕ ಓದಲು ಬಂದರೆ ಸಾಕು.

ಪರೀಕ್ಷೆ ಹತ್ತಿರ ಬಂದದ್ದರಿಂದ ಹಿಂದೆ ಮಾಡಿದ್ದನ್ನೆಲ್ಲ ತಿರುವಿಹಾಕುವುದು ನಡೆದಿತ್ತು. ಮೊದಲು ಪದಗಳು, ಆಮೇಲೆ ಗಟ್ಟಿಯಾಗಿ ಓದು, ಕೊನೆಗೆ ಅಲಂಕಾರ. ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ, ಹೈಪರ್ಬೊಲಿ ಎಂದರೆ ಅತಿಶಯೋಕ್ತಿಯ ಹತ್ತಿರದ ನೆಂಟ ಎಂದು ಮೇಷ್ಟ್ರು ಜೋಡಿಸಿ ಹೇಳುತ್ತಿದ್ದರು. ಅವರ ಪ್ರಕಾರ ಇಂಗ್ಲಿಷರಿಗೂ ಅಲಂಕಾರ ಇದೆ, ಆದರೆ ಚಳಿದೇಶದವರಾದ್ದರಿಂದ ಕೋಟಿನ ಒಳಗೆ ಮುಚ್ಚಿಟ್ಟುಕೊಂಡಿರುತ್ತಾರೆ. ನಾನು ಖಾದರ್ ಸಾಬರ ಚೀಟಿಯ ಸಂಗತಿ ಹೇಳಿದ್ದೇ ಮೇಷ್ಟ್ರ ಕಣ್ಣು ಹೊಳೆಯಿತು.

"ರೀಡರಿನ ಪಾಠವನ್ನು ನೀವು ಬಾಯಿಪಾಠ ಮಾಡಿ ನನಗೆ ಮೋಸ ಮಾಡುತ್ತೀರಿ. ಇದು ನಿಮ್ಮಪ್ಪನಾಣೆ ಬಾಯಿಪಾಠ ಆಗಿರಲಿಕ್ಕಿಲ್ಲ. ಅವರನ್ನು ಕರೆದುಕೊಂಡು ಬಾ."

ಮುಂದಿನ ಭಾನುವಾರ ಖಾದರ್ ಸಾಬರು ಡಬ್ಬಿ ಹಿಡಿದು ನನ್ನ ಜೊತೆ ನಾಲ್ಕು ಮೈಲಿ ನಡೆದು ಬಂದರು. ಜಗಲಿಯ ಕಂಬದ ಪಕ್ಕ ನಿಂತರು. ಮೇಷ್ಟ್ರು ಚಾಪೆ ತೋರಿಸಿದರು.

"ಕೂತ್ಕೊಳ್ಳಿ ಸಾಬ್ರೇ. ಇಲ್ಲಿ ಯಾರೂ ಬಡಿಸಬೇಕಾಗಿಲ್ಲ."

ಮೊದಲ ಚೀಟಿಯನ್ನು ನಾನು ಓದಿದೆ, ಮೇಷ್ಟ್ರು ಕನ್ನಡ ಮಾಡಿಸಿದರು. ‘ಈ ಹುಡುಗ ಶುಚಿ. ತಟ್ಟೆ ಒಡೆಯುವುದು ಕಡಿಮೆ.’ ನಾಲ್ಕು ವರ್ಷದ ಚಾಕರಿಗೆ ಅಷ್ಟೇ.

"ಕಡಿಮೆ ಅಂದ್ರೆ? ಎರಡೇ ಒಡೆದದ್ದು," ಎಂದರು ಖಾದರ್ ಸಾಬರು.

ಎರಡನೆಯದು ಅಬ್ದುಲ್ಲಾನ ಪಾಲಿಗೆ ಬಂತು. ಸೂಪು ಚೆನ್ನಾಗಿ ಮಾಡುತ್ತಾನೆ, ಕುದುರೆಗೆ ಹೆದರುತ್ತಾನೆ, ಇವನ ಪುಡಿಂಗು ‘ಟಾಲರಬಲ್’ ಎಂದಿತ್ತು. ಟಾಲರಬಲ್ ಎಂದರೇನು ಎಂದು ಮೇಷ್ಟ್ರು ಕೇಳಿದರು. ಬಹಳ ರುಚಿ ಎಂದ ಅಬ್ದುಲ್ಲಾ. ಅತ್ಯುತ್ತಮ ಎಂದೆ ನಾನು. ಡಿಕ್ಷನರಿ ತೆಗೆದು ನೋಡಿದರೆ ‘ಸಹಿಸಬಹುದಾದದ್ದು’ ಎಂದಿತ್ತು.

"ಸಹಿಸಬಹುದಾ?" ಖಾದರ್ ಸಾಬರು ಚಾಪೆಯಿಂದ ಅರ್ಧ ಎದ್ದರು. "ಎರಡೆರಡು ಸಲ ಹಾಕಿಸ್ಕೊಂಡು ತಿಂತಿದ್ರಲ್ಲ ಮೇಷ್ಟ್ರೇ ಆ ಮನುಷ್ಯ! ಸಹಿಸೋನು ಎರಡು ಸಲ ಸಹಿಸ್ತಾನಾ? ಕುದುರೆ ವಿಷ್ಯನೂ ಹಂಗೇ. ಅದು ಕಚ್ತಿತ್ತು."

"ಚಾಚಾ, ಮೂವತ್ತು ವರ್ಷ ಇದನ್ನ ಎದೆಗೆ ಅವಚಿಕೊಂಡು ಓಡಾಡಿದ್ರಲ್ಲ," ಎಂದು ಅಬ್ದುಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೂರನೆಯದರಲ್ಲಿ, ಮದುವೆಗೆಂದು ರಜೆ ಪಡೆದು ನಾಲ್ಕನೆಯ ದಿನವೇ ಕೆಲಸಕ್ಕೆ ಬಂದ ಎಂಬ ಹೊಗಳಿಕೆ ಇತ್ತು. ನಾಲ್ಕನೆಯದನ್ನು ಮೇಷ್ಟ್ರೇ ತೆಗೆದುಕೊಂಡು ಓದಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು. ‘ನನಗೆ ಮಲೇರಿಯಾ ಬಂದಾಗ ಇವನು ಹದಿನೇಳು ದಿನ ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದ. ಉಳಿದ ಆಳುಗಳು ಬಿಟ್ಟುಹೋಗಿದ್ದರು. ಇದನ್ನು ಓದುವವರು ಇವನನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಬೇಡುತ್ತೇನೆ.’

"ಅದನ್ನ ಬರ್ದಿದಾರಾ?" ಎಂದರು ಖಾದರ್ ಸಾಬರು. "ಬೇಡ್ತೇನೆ ಅಂತಾನೇ ಬರ್ದಿದಾರಾ? ಇನ್ನೊಂದ್ಸಲ ಓದಿ."

ಮೇಷ್ಟ್ರು ಇನ್ನೊಂದು ಸಲ ಓದಿದರು. ಆಮೇಲೆ ಐದನೆಯದನ್ನು ನನ್ನ ಕೈಗೆ ಕೊಟ್ಟರು. ಒಂದೊಂದೇ ಪದವನ್ನು ಬಿಡಿಸಿ, ಒಂದೊಂದೇ ವಾಕ್ಯವನ್ನು ಕಟ್ಟಿದೆವು. ಅದು ಹೀಗಿತ್ತು:

‘ಖಾದರ್ ನನ್ನ ಬಳಿ ಆರು ವರ್ಷ ಇದ್ದ. ಈ ಆರು ವರ್ಷದಲ್ಲಿ ನನ್ನ ಮನೆಯಲ್ಲಿ ನನ್ನ ಮಾತು ಒಂದು ದಿನವೂ ನಡೆಯಲಿಲ್ಲ. ನನ್ನ ವಿಸ್ಕಿಯ ಮೇಲೆ ಅವನಿಗಿದ್ದ ಅಕ್ಕರೆ ನನಗೂ ಇರಲಿಲ್ಲ. ಇವನನ್ನು ಇಟ್ಟುಕೊಳ್ಳುವವರು ಮೊದಲನೆಯ ದಿನವೇ ಬೀಗದ ಕೈಗಳನ್ನು ಕೊಟ್ಟುಬಿಡುವುದು ಒಳ್ಳೆಯದು. ಹೇಗೂ ಕೊನೆಗೆ ಅವು ಅವನ ಹತ್ತಿರವೇ ಹೋಗುತ್ತವೆ.’

ಅಬ್ದುಲ್ಲಾ ಈ ಸಲ ನಗಲಿಲ್ಲ. "ಚಾಚಾ, ಬೇಜಾರು ಮಾಡ್ಕೋಬೇಡಿ. ಇದು ಕಳ್ಳ ಅಂತ ಬರ್ದದ್ದು."

"ತಡಿಯೋ," ಎಂದರು ಮೇಷ್ಟ್ರು. ಅವರಿಗೆ ಉತ್ಸಾಹ ಬಂದಿತ್ತು. "ಇಂಗ್ಲಿಷಿನಲ್ಲಿ ಇದಕ್ಕೆ ಐರನಿ ಅನ್ನುತ್ತಾರೆ. ನಮ್ಮಲ್ಲಿ ಇನ್ನೂ ಸೂಕ್ಷ್ಮವಾಗಿ ಹೇಳಿದ್ದಾರೆ, ವ್ಯಾಜಸ್ತುತಿ ಅಂತ. ಹೊಗಳಿದ ಹಾಗೆ ಮಾಡಿ ತೆಗಳುವುದು. ಅಥವಾ ತೆಗಳಿದ ಹಾಗೆ ಮಾಡಿ ಹೊಗಳುವುದು. ಎರಡಕ್ಕೂ ಹೆಸರು ಒಂದೇ."

"ಹಾಗಾದ್ರೆ ಇದು ಯಾವುದು ಸಾರ್?" ಎಂದೆ.

"ಅದನ್ನು ಬರೀ ವಾಕ್ಯ ನೋಡಿ ಹೇಳುವುದಕ್ಕೆ ಆಗೋದಿಲ್ಲ, ನಾಗೇಶ. ಬರೆದವನು ಎಂಥವನು ಅಂತ ಗೊತ್ತಿರಬೇಕು. ಹೇಳಿ ಸಾಬ್ರೇ, ಸಂಸೆಯ ದೊರೆ ಎಂಥವರು?"

ಖಾದರ್ ಸಾಬರು ಹೇಳತೊಡಗಿದರು. ಆ ದೊರೆಯ ಹೆಂಡತಿ ಮಗುವನ್ನು ಕರೆದುಕೊಂಡು ಊರಿಗೆ ಹೋದವಳು ತಿರುಗಿ ಬರಲಿಲ್ಲವಂತೆ. ದೊರೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಶುರು ಮಾಡುತ್ತಿದ್ದರು. ಜೂನ್ ತಿಂಗಳು ಹಿಡಿದರೆ ಸಂಸೆಯ ದಾರಿ ಮೂರು ತಿಂಗಳು ಮುಚ್ಚಿಹೋಗುತ್ತಿತ್ತು. ಬಂಗಲೆಯಲ್ಲಿ ಅವರೊಬ್ಬರು, ಇವರೊಬ್ಬರು.

"ಒಂದಿನ ಊಟದ ಮೇಜಿನ ಮೇಲೆ ಕೋವಿ ಇಟ್ಕೊಂಡು ಕೂತಿದ್ರು. ಎಂತಕ್ಕೆ ಸಾರ್ ಅಂದೆ. ಹಂದಿಗೆ ಅಂದ್ರು. ಊಟದ ಮನೇಲಿ ಎಲ್ಲಿ ಹಂದಿ? ಅವತ್ತು ಕೋವಿ ತೋಟಾ ಎಲ್ಲಾ ನನ್ನ ಮನೆಗೆ ಸಾಗಿಸ್ದೆ. ಬೀರೂಗೆ ಬೀಗ ಹಾಕಿ ಕೈ ನಾನಿಟ್ಕೊಂಡೆ. ಬಾಟ್ಲಿ ಅರ್ಧ ಖಾಲಿ ಮಾಡಿ ಟೀ ಡಿಕಾಕ್ಷನ್ ತುಂಬಿಸ್ತಿದ್ದೆ. ಗೊತ್ತಾಗಿ ಬೈತಿದ್ರು, ಬೂಟು ಎಸೀತಿದ್ರು, ಕೆಲಸದಿಂದ ತೆಗ್ದೆ ಹೋಗು ಅಂತಿದ್ರು. ಮಳೇಲಿ ಎಲ್ಲಿಗೆ ಹೋಗ್ಲಿ? ಆರು ವರ್ಷ ಹಿಂಗೇ. ಕೊನೆಗೆ ತಮ್ಮ ಕಾಲ ಮೇಲೆ ತಾವೇ ನಡ್ಕೊಂಡು ಹೋಗಿ ಹಡಗು ಹತ್ತಿದ್ರು."

"ತೆಗೆದ ವಿಸ್ಕಿ ಏನಾಯ್ತು ಚಾಚಾ?" ಎಂದ ಅಬ್ದುಲ್ಲಾ.

ಖಾದರ್ ಸಾಬರು ಅವನನ್ನು ದುರುಗುಟ್ಟಿ ನೋಡಿದರು. "ಕಾಗದದಲ್ಲಿ ಎಂತ ಇದೆ ಅಂತ ಕೇಳೋಕೆ ಬಂದೆ ಮಾರಾಯ. ಕಾಗದದ ಹೊರಗಿಂದು ನಂಗೆ ಗೊತ್ತುಂಟು."

ಮೇಷ್ಟ್ರು ಚೀಟಿಯನ್ನು ಮಡಚಿದರು. ಅವರ ತೀರ್ಮಾನ, ಇದು ತೆಗಳಿಕೆಯ ವೇಷದ ಹೊಗಳಿಕೆ. ಆದರೆ ಸಂಸೆಯ ಕಥೆ ಗೊತ್ತಿಲ್ಲದವರಿಗೆ ಅದು ಬರೀ ತೆಗಳಿಕೆ. "ಸೋಮಶೇಖರಪ್ಪನವರಿಗೆ ಇದನ್ನು ತೋರಿಸಬೇಡಿ. ಮಿಕ್ಕ ಆರು ಸಾಕು."

ಸಾಕಾಗುವುದಿಲ್ಲ ಎಂಬುದು ದಾರಿಯಲ್ಲಿ ಗೊತ್ತಾಯಿತು. ಪ್ರತಿಯೊಂದು ಚೀಟಿಯ ಮೇಲೂ ತಾರೀಖು ಇರುತ್ತದೆ. ನಡುವೆ ಆರು ವರ್ಷ ಮಾಯವಾದರೆ, ಆ ಆರು ವರ್ಷ ಯಾವ ಜೈಲಿನಲ್ಲಿದ್ದೆ ಎಂದು ಯಾರಾದರೂ ಕೇಳುತ್ತಾರೆ. ಪೇಟೆಯ ಅಂಚಿನವರೆಗೆ ನಮ್ಮ ಜೊತೆ ಬಂದ ಅಬ್ದುಲ್ಲಾ ಅದಕ್ಕೂ ಉಪಾಯ ಹೇಳಿದ. "ಬಿಡಿ ಭಾಗ ಸಿಗದಿದ್ರೆ ನಾವೇ ಮಾಡಿ ಹಾಕ್ತೀವಪ್ಪ ಬಸ್ಸಿಗೆ. ರೈಟ್ರೇ, ನೀವೊಂದು ಚೀಟಿ ಬರೀರಿ."

ಬೇಡ ಎನ್ನಬೇಕಿತ್ತು. ಆದರೆ ನನ್ನ ಎದೆ ಉಬ್ಬಿತು. ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದವನ ಹತ್ತಿರ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಅಲಂಕಾರಗಳನ್ನು ಆ ವಾರವಷ್ಟೇ ತಿರುವಿಹಾಕಿದ್ದೆ; ಒಂದನ್ನೂ ಹಾಳು ಮಾಡಬಾರದು ಎಂದು ನಿಶ್ಚಯಿಸಿದೆ. ಮೂರು ದಿನ ಕೂತು ಬರೆದೆ. ‘ಖಾದರನ ಮುಖ ಕಮಲದಂತೆ, ನಡಿಗೆ ರಾಜಹಂಸದಂತೆ. ಅವನ ಸೂಪು ಅಮೃತ. ಚಂದ್ರನಿಗಾಗಿ ಚಕೋರ ಪಕ್ಷಿ ಕಾಯುವಂತೆ ನಾನು ಅವನ ಬೆಳಗಿನ ಚಹಾಕ್ಕಾಗಿ ಕಾಯುತ್ತಿದ್ದೆ. ಅವನು ಹೊರಟ ದಿನ ಈ ಬಂಗಲೆಯ ಬಾಗಿಲುಗಳು ಕಣ್ಣೀರು ಸುರಿಸಿದವು.’ ಚಕೋರಕ್ಕೆ ಇಂಗ್ಲಿಷ್ ಹೆಸರು ಡಿಕ್ಷನರಿಯಲ್ಲಿ ಸಿಗದೆ ಹಾಗೇ ಚಕೋರ ಎಂದೇ ಬರೆದೆ. ಮೇಲೆ ಸಂಸೆಯ ಹೆಸರು, ತಾರೀಖು ಹಾಕಿ, ಸಹಿಯ ಜಾಗದಲ್ಲಿ ಒಂದು ಸುರುಳಿ ಗೀಟು ಎಳೆದೆ. ದೊರೆಗಳ ಸಹಿ ಹೇಗೂ ಓದಲು ಬರುವುದಿಲ್ಲ.

ಅದನ್ನು ಖಾದರ್ ಸಾಬರ ಮನೆಗೆ ಕೊಂಡುಹೋಗಿ ಕನ್ನಡದಲ್ಲಿ ಹೇಳಿ ತೋರಿಸಿದೆ. ಅವರ ಹೆಂಡತಿ ಕರೀಮುನ್ನೀಸಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ತಿರುಗಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಈ ಮುಖಾನಾ ಕಮಲ? ಆ ದೊರೆ ಕುಡೀತಿದ್ರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

"ನೀನು ಸುಮ್ನಿರು. ಅದು ಅಲಂಕಾರ," ಎಂದರು ಖಾದರ್ ಸಾಬರು.

"ಅಲಂಕಾರ ಮಾಡೋ ವಯಸ್ಸಾ ನಿಮ್ದು?" ಎಂದು ಅವರು ರೊಟ್ಟಿ ಮಗುಚಿದರು. ಆಮೇಲೆ ಮೆಲ್ಲನೆ ನನ್ನ ಕಡೆ ತಿರುಗಿ ಕೇಳಿದರು: "ಇದ್ರಿಂದ ಕೆಲಸ ಉಳೀತದಾ ತಮ್ಮಾ?"

ಉಳಿಯುತ್ತದೆ ಅಕ್ಕ ಎಂದೆ. ಅಸಲು ಚೀಟಿಯನ್ನು ಒಲೆಗೆ ಹಾಕಿಬಿಡಿ ಎಂದೂ ಹೇಳಿದೆ. ಖಾದರ್ ಸಾಬರು ಹಾಕಲಿಲ್ಲ. ಕೋಟಿನ ಒಳಜೇಬಿಗೆ ಸೇರಿಸಿದರು. "ಆರು ವರ್ಷ ಸುಟ್ಟ ಹಂಗಾಗ್ತದೆ," ಎಂದರು.

ಸೋಮಶೇಖರಪ್ಪನವರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ನಲವತ್ತರ ಆಸುಪಾಸು, ಕಚ್ಚೆ ಪಂಚೆಯ ಮೇಲೆ ಮುಚ್ಚು ಕೋಟು, ಹಣೆಯ ಮೇಲೆ ವಿಭೂತಿ. ಮೈಸೂರಿನಲ್ಲಿ ಬಿ.ಎ. ಓದಿದವರು ಎಂದು ನಿಂಗಯ್ಯನವರು ನನ್ನ ಕಿವಿಯಲ್ಲಿ ಹೇಳಿದರು. ಬಂಗಲೆಯ ಊಟದ ಕೋಣೆಯಲ್ಲಿ ಕೂತು ಅವರು ಡಬ್ಬಿ ತೆರೆಸಿದರು. ಬಂಗಲೆಯ ಸಾಮಾನಿನ ಪಟ್ಟಿ ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ಖಾದರ್ ಸಾಬರು ಮೇಜಿನ ಆಚೆ ಕಡೆ.

ಮೊದಲ ನಾಲ್ಕು ಚೀಟಿಯನ್ನು ತಲೆಯಾಡಿಸುತ್ತ ಓದಿದರು. ಮಲೇರಿಯಾದ ಚೀಟಿಯಲ್ಲಿ ಸ್ವಲ್ಪ ನಿಂತರು. ಐದನೆಯದು ನನ್ನದು. ಅವರು ಎರಡನೆಯ ಸಾಲಿಗೆ ಬಂದಾಗ ಹುಬ್ಬು ಮೇಲೆ ಹೋಯಿತು. ಮೂರನೆಯ ಸಾಲಿಗೆ ಭುಜ ಅಲುಗಿತು. ಬಾಗಿಲುಗಳು ಕಣ್ಣೀರು ಸುರಿಸುವ ಹೊತ್ತಿಗೆ ಅವರೂ ಸುರಿಸುತ್ತಿದ್ದರು. ಯಾವ ದೊರೆಯೂ ಯಾವ ಚೀಟಿಗೂ ಅಷ್ಟು ನಕ್ಕಿರಲಾರ.

"ಚಕೋರ!" ಎಂದರು ಕಣ್ಣೊರೆಸಿಕೊಳ್ಳುತ್ತ. "ಸಂಸೇಲಿದ್ದ ಇಂಗ್ಲಿಷ್ ದೊರೆಗೆ ಚಕೋರ ಪಕ್ಷಿ ತೋರಿಸಿದ್ದು ಯಾರು ಸಾಬ್ರೇ? ನಾನೇ ಇನ್ನೂ ನೋಡಿಲ್ಲ."

ನಾನು ಪಟ್ಟಿಯಲ್ಲಿ ಚಮಚಗಳನ್ನು ಎಣಿಸತೊಡಗಿದೆ. ಮೂರು ಡಜನ್ ಇದ್ದವು. ಮತ್ತೆ ಎಣಿಸಿದೆ.

ಖಾದರ್ ಸಾಬರು ಒಳಜೇಬಿಗೆ ಕೈ ಹಾಕಿ ಅಸಲು ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ತಪ್ಪಾಯ್ತು ಸಾವ್ಕಾರ್ರೇ. ಇದು ಅಸಲು. ಅದು ಪರೀಕ್ಷೆಗೆ ಓದೋ ಹುಡುಗ್ರು ಪ್ರೀತೀಲಿ ಬರ್ದಿದ್ದು."

"ಯಾವ ಹುಡುಗ್ರು?"

"ಹುಡುಗ್ರಿಗೇನು ಸಾವ್ಕಾರ್ರೇ, ಊರ್ ತುಂಬಾ ಇದಾರೆ."

ಸಾವ್ಕಾರ್ರು ನನ್ನ ಕಡೆ ನೋಡಿದರೋ ಇಲ್ಲವೋ ತಿಳಿಯದು. ನಾನು ಚಮಚಗಳಿಂದ ಕಣ್ಣು ಎತ್ತಿರಲಿಲ್ಲ. ಅವರು ಅಸಲನ್ನು ಓದಿದರು. ಇನ್ನೊಂದು ಸಲ ಓದಿದರು. ನಗಲಿಲ್ಲ. ಅದನ್ನು ಓದಿದ ಯಜಮಾನರಲ್ಲಿ ನಗದವರು ಅವರೊಬ್ಬರೇ.

"ಈ ದೊರೆ ಬಹಳ ಕುಡೀತಿದ್ರು, ಅಲ್ವಾ?"

"ಹೌದು ಸಾವ್ಕಾರ್ರೇ."

"ಬದುಕಿದಾರಾ?"

"ಹೋದ ವರ್ಷದವರೆಗೂ ಹಬ್ಬಕ್ಕೆ ಕಾರ್ಡು ಬರ್ತಿತ್ತು."

ಸಾವ್ಕಾರ್ರು ಬಂಗಲೆಯ ಬೀಗದ ಕೈ ಗೊಂಚಲನ್ನು ಎಳೆದುಕೊಂಡು, ಅದರ ಮೇಲೆ ಅಂಗೈ ಇಟ್ಟು ಕೂತರು. "ನೋಡಿ ಸಾಬ್ರೇ. ನಾನು ನಿಮ್ಮ ಸೂಪು ಕುಡಿಯೋದಿಲ್ಲ, ಬಾಟಲಿ ಮುಟ್ಟೋದಿಲ್ಲ. ಆದರೆ ಪಕ್ಕದ ದೊರೆಗಳು ಬರ್ತಾರೆ, ಅಧಿಕಾರಿಗಳು ಬರ್ತಾರೆ, ಅವರಿಗೆಲ್ಲ ಆಗಬೇಕು. ಬಾಟಲಿ ಇಡೋ ಬೀರುವಿನ ಕೈ ಒಬ್ಬರ ಹತ್ತಿರ ಇರಬೇಕು, ಅದು ನಾನಂತೂ ಅಲ್ಲ. ಅದಕ್ಕೇ ಒಂದು ಮಾತು ಕೇಳ್ತೀನಿ. ಆರು ವರ್ಷ ನೀವು ಆ ಮನುಷ್ಯನ ವಿಸ್ಕಿ ತೆಗೆದಿರಿ. ನಿಮ್ಮವರು ಕುಡಿಯೋ ಹಾಗಿಲ್ಲ. ಹಾಗಾದ್ರೆ ಅದೆಲ್ಲಾ ಎಲ್ಲಿಗೆ ಹೋಯ್ತು?"

ನಾನು ಸಾವ್ಕಾರ್ರ ಹಿಂದಿನಿಂದ ಖಾದರ್ ಸಾಬರಿಗೆ ಸನ್ನೆ ಮಾಡಿದೆ: ಚರಂಡಿ, ಚರಂಡಿ ಎಂದು ಕೈಯಲ್ಲಿ ಸುರಿದು ತೋರಿಸಿದೆ. ಅವರು ನನ್ನನ್ನು ನೋಡಿದರು, ಗೊಂಚಲನ್ನು ನೋಡಿದರು, ಕೋಟಿನ ಗುಂಡಿಯೊಂದನ್ನು ಸರಿಮಾಡಿಕೊಂಡರು. ಆ ಗೊಂಚಲು ಈಗಲೂ ಅವರ ಸೊಂಟದಲ್ಲೇ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರು ಕೊಟ್ಟ ಉತ್ತರ ಕೇಳಿ ಅವತ್ತು ನಾನು ಹೆದರಿದಷ್ಟೇ ನೀವೂ ಹೆದರುತ್ತೀರಿ.

"ಮೊದಲನೇ ವರ್ಷ ಚರಂಡಿಗೆ ಸುರ್ದೆ ಸಾವ್ಕಾರ್ರೇ," ಎಂದರು ಖಾದರ್ ಸಾಬರು. "ಆಮೇಲೆ ಅಷ್ಟು ಒಳ್ಳೆ ಮಾಲು ಸುರಿಯೋಕೆ ಹೊಟ್ಟೆ ಉರೀತು. ಐದು ವರ್ಷ ಪಕ್ಕದ ಎಸ್ಟೇಟಿನ ದೊರೆಗೆ ಮಾರ್ದೆ, ಆ ದುಡ್ಡಲ್ಲೇ ಮಗಳ ಮದ್ವೆ ಮಾಡ್ದೆ."